ಕೆಳದಿ ಕ್ಯಾಂಪೇನ್ ಗುಂಪಿನಲ್ಲಿ ಜನ ಯಾಕೆ ಸುಮ್ಮನಿದ್ದಾರೆ: ನನ್ನ ಅನುಭವದ ಉತ್ತರ

ತಮ್ಮಾ, ನಿನ್ನ ಪೋಸ್ಟ್ ಎರಡು ಸಲ ಓದಿದೆ. ಬೇಕಲ ಕೋಟೆ, ಕೆಳದಿಯ ದೊರೆ ಶಿವಪ್ಪ ನಾಯಕನ ಕಾಲ, ಅದರ ಮೇಲೆ ‘ಬ್ಯಾಟಲ್ ಫಾರ್ ವೆಸ್ನಾತ್’ ಅನ್ನುವ ಕಂಪ್ಯೂಟರ್ ಯುದ್ಧದ ಆಟಕ್ಕೊಂದು ಕ್ಯಾಂಪೇನ್, ಅಂದರೆ ಒಂದರ ನಂತರ ಒಂದು ಯುದ್ಧವಾಗಿ ಸಾಗುವ ಕಥೆ. ಗುಂಪಿಗೆ ಇಪ್ಪತ್ತು ಜನ ಸೇರಿದ್ದಾರೆ. ಮೂರು ತಿಂಗಳಾದರೂ ಕೆಲಸ ಮಾಡುತ್ತಿರುವುದು ನೀನೊಬ್ಬನೇ. “ನಮ್ಮವರಿಗೆ ಆಸಕ್ತಿಯೇ ಇಲ್ವಾ ಅಣ್ಣ” ಅಂತ ಕೇಳಿದ್ದೀಯ. ಆಸಕ್ತಿ ಇದೆ. ಏನು ಮಾಡಬೇಕು ಅಂತ ಅವರಿಗೆ ಗೊತ್ತಾಗಿಲ್ಲ.

ನಮ್ಮ ಬದಿಯಡ್ಕ ಕಡೆ ಮದುವೆಯ ಹಿಂದಿನ ರಾತ್ರಿ ನೆರೆಕರೆಯವರೆಲ್ಲ ತರಕಾರಿ ಹೆಚ್ಚಲು ಬರುತ್ತಾರಲ್ವಾ. ಅಲ್ಲಿ “ಅಡುಗೆಗೆ ಸಹಾಯ ಮಾಡಿ” ಅಂತ ಹೇಳಿ ಬಿಡುವುದಿಲ್ಲ. ಅಡುಗೆಯವರು ಒಂದು ಸೌತೆಕಾಯಿ ಹೆಚ್ಚಿ ತೋರಿಸುತ್ತಾರೆ. ಸಾಂಬಾರಿಗೆ ಇಷ್ಟು ದೊಡ್ಡ ಹೋಳು, ಪಲ್ಯಕ್ಕೆ ಇಷ್ಟು ಸಣ್ಣ. ಆಮೇಲೆ ರಾಶಿಯನ್ನು ಮುಂದಿಡುತ್ತಾರೆ. ಅಡುಗೆ ಬಾರದವನೂ ಒಂದು ಗಂಟೆ ಕೂತು ಹೆಚ್ಚಿ ಹೋಗುತ್ತಾನೆ.

ನೀನು ಬರೆದದ್ದು “ಯಾರಾದರೂ ಮ್ಯಾಪ್ ಮಾಡಿಕೊಡಿ” ಅಂತ. ಅದರ ಬದಲು ಹೀಗೆ ಬರೆ: “ಚಂದ್ರಗಿರಿ ಹೊಳೆಯ ಮ್ಯಾಪ್ ಬೇಕು. ಅಗಲ 30 ಹೆಕ್ಸ್ (ಆರು ಮೂಲೆಯ ಮನೆ), ಎತ್ತರ 24. ಹೊಳೆ ಪೂರ್ವದಿಂದ ಪಶ್ಚಿಮಕ್ಕೆ. ಚಂದ್ರಗಿರಿ ಕೋಟೆ ತೆಂಕು ದಡದಲ್ಲಿ. ದಾಟಲು ಎರಡೇ ಕಡೆ ಜಾಗ.” ಆಟದ ಒಳಗೇ ಮ್ಯಾಪ್ ಎಡಿಟರ್ ಇದೆ, ಕೋಡ್ ಗೊತ್ತಿರಬೇಕಾಗಿಲ್ಲ. ಇದು ಎರಡು ರಾತ್ರಿಯ ಕೆಲಸ. ಸೈನಿಕನ ಚಿತ್ರ ಕೇಳುವಾಗಲೂ ಹಾಗೆಯೇ: 72 ಪಿಕ್ಸೆಲ್ ಉದ್ದ, 72 ಅಗಲ. ತಂಡದ ಬಣ್ಣ ಬರಬೇಕಾದ ಕಡೆ ಮೆಜೆಂಟಾ ಛಾಯೆ ಹಾಕಿದರೆ ಆಟವೇ ಅದನ್ನು ಕೆಂಪೋ ನೀಲಿಯೋ ಮಾಡಿಕೊಳ್ಳುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಚಿತ್ರ ಬಿಡಿಸಿದವರು ಎರಡನೇ ಸಲ ಕೂರಬೇಕಾಗುತ್ತದೆ.

ನಾವೂ ನಾಲ್ಕು ವರ್ಷದ ಹಿಂದೆ ಒಂದು ಕ್ಯಾಂಪೇನ್ ಶುರು ಮಾಡಿದ್ದೆವು. ಒಬ್ಬ ಹುಡುಗ ಮೂರು ವಾರ ಕೂತು ಕೆಳದಿಯ ಕಾಲಾಳಿನ ಚಿತ್ರ ಬಿಡಿಸಿ ಕಳಿಸಿದ. ನನಗೆ ಅಡಿಕೆ ಕೊಯ್ಲಿನ ಗಡಿಬಿಡಿ. ಹತ್ತು ದಿನ ಉತ್ತರ ಕೊಡಲಿಲ್ಲ. ಆಮೇಲೆ ಅವನು ಬರಲೇ ಇಲ್ಲ. ತಪ್ಪು ನನ್ನದೇ, ಈಗಲೂ ಬೇಸರವಾಗುತ್ತದೆ. ಅದಕ್ಕೇ ಹೇಳುವುದು, ಯಾರು ಏನೇ ಕಳಿಸಿದರೂ ಎರಡು ದಿನದ ಒಳಗೆ ಒಂದು ಮಾತು ಬರೆ. ಪೂರ್ತಿ ನೋಡಲು ಆಗದಿದ್ದರೆ “ಸಿಕ್ಕಿತು, ಭಾನುವಾರ ನೋಡುತ್ತೇನೆ” ಅಂದರೂ ಸಾಕು.

ಫೈಲ್‌ಗಳನ್ನು ವಾಟ್ಸಾಪ್‌ನಲ್ಲಿ ಜಿಪ್ ಮಾಡಿ ಕಳಿಸಬೇಡ. ನಮ್ಮಲ್ಲಿ ಇಬ್ಬರು ಒಂದೇ ಸಿನಾರಿಯೋವನ್ನು (ಕ್ಯಾಂಪೇನಿನ ಒಂದು ಯುದ್ಧ) ಬೇರೆ ಬೇರೆ ತಿದ್ದಿ, ಒಬ್ಬರದ್ದು ಅಳಿಸಿಯೇ ಹೋಯಿತು. ಯಾರು ಏನು ತಿದ್ದಿದರು ಅಂತ ಲೆಕ್ಕ ಇಡುವ ಗಿಟ್ ತಂತ್ರಾಂಶ ಕಲಿಯಲು ಒಂದು ಸಂಜೆ ಸಾಕು. ಒಂದೊಂದು ಸಿನಾರಿಯೋಗೆ ಬೇರೆ ಫೈಲ್, ಅದಕ್ಕೆ ಒಬ್ಬರೇ ಜವಾಬ್ದಾರರು. ಆಟಗಾರರು ಕ್ಯಾಂಪೇನ್ ಇಳಿಸಿಕೊಳ್ಳುವ ಆಡ್-ಆನ್ ಸರ್ವರ್‌ಗೆ ಹಾಕುವ ಪಾಸ್‌ವರ್ಡ್ ಇರುವ ಫೈಲ್ ಮಾತ್ರ ಗಿಟ್‌ಗೆ ಸೇರದಂತೆ ನೋಡಿಕೋ.

ಇನ್ನೊಂದು ವಿಷಯ ನನಗೆ ಮುಖ್ಯ. ಕೋಡ್‌ನಲ್ಲಿ ಪಾತ್ರಗಳ ಮಾತಿನ ಉದ್ಧರಣ ಚಿಹ್ನೆಯ ಮೊದಲು ಒಂದು ಅಂಡರ್‌ಸ್ಕೋರ್ ಹಾಕು. ಆಗ ಆ ಮಾತುಗಳನ್ನೆಲ್ಲ ಬೇರೆ ಅನುವಾದದ ಫೈಲ್‌ಗೆ ತೆಗೆಯಬಹುದು. ಅನುವಾದ ಮಾಡುವವರು ಕೋಡ್ ಮುಟ್ಟಬೇಕಾಗಿಲ್ಲ. ನಮ್ಮ ಕಾಸರಗೋಡಿನಲ್ಲಿ ಒಂದೇ ಬಸ್ಸಿನಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ ಎಲ್ಲ ಕೇಳುತ್ತದೆ. ಗುಂಪನ್ನು ಕನ್ನಡದವರಿಗೆ ಮಾತ್ರ ಇಡಬೇಡ. ಬೇಕಲ ಕೋಟೆ ನೋಡುತ್ತ ಬೆಳೆದ ಮಲಯಾಳಿ ಹುಡುಗರಿಗೂ ಅದು ನಮ್ಮಷ್ಟೇ ಹತ್ತಿರ. ಅವರನ್ನು ಬರೀ ಅನುವಾದಕ್ಕೆ ಕರೆಯಬೇಡ, ಕಥೆ ಬರೆಯುವಾಗಲೇ ಕರೆ. ಕೋಟೆ ಮೊದಲು ಕಟ್ಟಿದ್ದು ಯಾರು ಅನ್ನುವ ವಾದ ಬಂದೇ ಬರುತ್ತದೆ. 1650ರ ಸುಮಾರಿಗೆ ಶಿವಪ್ಪ ನಾಯಕ ಕಟ್ಟಿಸಿದ ಅಂತ ಸಾಮಾನ್ಯವಾಗಿ ಹೇಳುತ್ತಾರೆ, ಅದಕ್ಕೂ ಹಿಂದೆಯೇ ಇತ್ತು ಅನ್ನುವವರೂ ಇದ್ದಾರೆ. ಇಂಥದ್ದಕ್ಕೆ ಗುಂಪಿನಲ್ಲಿ ವೋಟ್ ಹಾಕಿಸಬೇಡ. ಕಥೆಯ ಕೊನೆಯ ಮಾತು ಯಾರದ್ದು ಅಂತ ಈಗಲೇ ಹೇಳಿಬಿಡು.

ಲೈಸೆನ್ಸ್ ವಿಷಯವನ್ನೂ ಮೊದಲ ದಿನವೇ ಹೇಳು. ವೆಸ್ನಾತ್ ಜಿಪಿಎಲ್ ಆಟ, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಅದೇ ಷರತ್ತಿನಲ್ಲಿ ಹಂಚಬಹುದಾದದ್ದು. ಬೇರೆ ಆಟದಿಂದಲೋ ಗೂಗಲ್‌ನಿಂದಲೋ ಎತ್ತಿದ ಚಿತ್ರ ಇದ್ದರೆ ಸರ್ವರ್‌ಗೆ ಹಾಕುವ ಹಾಗಿಲ್ಲ. ಯಾರು ಏನು ಮಾಡಿದರು ಅಂತ ಹೆಸರಿನ ಪಟ್ಟಿಯನ್ನು ಅಂದಂದೇ ಬರೆದಿಡು. ‘0 ಎ.ಡಿ.’ ಆಟ ನೋಡು. 2001ರಲ್ಲಿ ‘ಏಜ್ ಆಫ್ ಎಂಪೈರ್ಸ್ 2’ ಆಟಕ್ಕೊಂದು ಮಾಡ್ (ಇರುವ ಆಟವನ್ನೇ ಬದಲಿಸಿದ ರೂಪ) ಆಗಬೇಕು ಅಂತ ಹೊರಟದ್ದು, ಬೆಳೆದು ಬೇರೆ ಆಟವೇ ಆಯಿತು. 2009ರಲ್ಲಿ ಅದರ ಕೋಡನ್ನೂ ಎಲ್ಲರಿಗೆ ತೆರೆದರು. ಹೊರಗಿನವರೂ ಬಂದು ಕೈಹಾಕಲು ಆದದ್ದು ಹಾಗೆ.

ಇಪ್ಪತ್ತು ಜನರಲ್ಲಿ ಐದು ಜನ ಗಟ್ಟಿಯಾಗಿ ನಿಂತರೆ ಬೇಕಾದಷ್ಟಾಯಿತು. ಉಳಿದವರು ಆಡಿ ನೋಡಲಿ, ಎಲ್ಲಿ ಸಿಕ್ಕಿಹಾಕಿಕೊಂಡರು ಅಂತ ಹೇಳಲಿ. ಅದೂ ಕೆಲಸವೇ, ಅವರ ಹೆಸರೂ ಪಟ್ಟಿಯಲ್ಲಿ ಇರಲಿ.

ಈ ವಾರ ಹತ್ತು ಸಣ್ಣ ಕೆಲಸ ಬರೆದು ಇಲ್ಲೇ ಹಾಕು. ಚಂದ್ರಗಿರಿ ಹೊಳೆಯ ಮ್ಯಾಪ್ ನನಗಿರಲಿ, ಭಾನುವಾರ ರಾತ್ರಿಯ ಒಳಗೆ ಕಳಿಸುತ್ತೇನೆ.