ಕೋಟೆ ಒಂದೇ, ವೇಷ ನಾಲ್ಕು

ಪ್ರಶ್ನೆ: ಮೇ ತಿಂಗಳಲ್ಲಿ ಮಗಳ ಮನೆಗೆ ಎಡಿನ್‌ಬರಕ್ಕೆ ಹೋಗುತ್ತಿದ್ದೇವೆ. ಅಳಿಯಂದಿರಿಗೆ ‘ಮಾಂಟಿ ಪೈಥಾನ್ ಅಂಡ್ ದ ಹೋಲಿ ಗ್ರೇಲ್’ ಅನ್ನೋ, ಆರ್ಥರ್ ರಾಜನ ಕಥೆಯ ತಮಾಷೆ ಸಿನಿಮಾ ಅಂದ್ರೆ ಪ್ರಾಣ. ಕಳೆದ ಸಲ ಇಲ್ಲಿಗೆ ಬಂದಾಗ ನಮಗೂ ತೋರಿಸಿದರು. ಅದರಲ್ಲಿರುವ ಕೋಟೆಗಳನ್ನೆಲ್ಲ ನೋಡೋಕೆ ಎಷ್ಟು ಊರು ಸುತ್ತಬೇಕು? ನನಗೆ ಮಂಡಿನೋವು ಬೇರೆ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಜಾಸ್ತಿ ಸುತ್ತಬೇಕಿಲ್ಲ. ನೀವು ನೋಡಿದ ಕೋಟೆಗಳು ಹೆಚ್ಚೂಕಮ್ಮಿ ಎಲ್ಲವೂ ಒಂದೇ ಕೋಟೆ! ಹೆಸರು ಡೂನ್. 1975ರ ಈ ಸಿನಿಮಾಕ್ಕೆ ಬೇರೆ ಬೇರೆ ಕೋಟೆಗಳಲ್ಲಿ ಶೂಟಿಂಗ್ ಅಂತ ಮಾತಾಗಿತ್ತು. ಇನ್ನೇನು ಶುರು ಮಾಡಬೇಕು ಅನ್ನುವಾಗ ಉಳಿದ ಕೋಟೆಗಳ ಅನುಮತಿ ವಾಪಸಾಯಿತು. ಆಗ ಖಾಸಗಿಯವರ ಕೈಲಿದ್ದ ಡೂನ್ ಉಳಿಯಿತು. ನಮ್ಮ ನಾಟಕ ಕಂಪನಿಗಳಲ್ಲಿ ಒಂದೇ ಪರದೆ ಅರಮನೆಯೂ ಆಗಿ ಕಾಡೂ ಆಗುತ್ತಿತ್ತಲ್ಲ, ಹಾಗೆ ಇದೊಂದನ್ನೇ ಆಚೆಯಿಂದ ಈಚೆಯಿಂದ ತೋರಿಸಿ ಮುಗಿಸಿದರು.

ಎಡಿನ್‌ಬರದಿಂದ ಸ್ಟರ್ಲಿಂಗ್‌ಗೆ ರೈಲು, ಸುಮಾರು ಒಂದು ಗಂಟೆ. ಅಲ್ಲಿಂದ ಡೂನ್ ಊರಿಗೆ 13 ಕಿಲೋಮೀಟರ್ ಅಷ್ಟೇ, ಆದರೆ ರೈಲಿಲ್ಲ, ಬಸ್ಸೋ ಕಾರೋ ಆಗಬೇಕು. ಬಸ್ ಇಳಿದು ಸ್ವಲ್ಪ ನಡೆದರೆ ಕೋಟೆ.

ಒಳಗೆ ಹೋಗುವ ಮುಂಚೆ ಹೊರಗೆ ನಿಂತು ಗೋಡೆ ನೋಡಿ. ಫ್ರೆಂಚ್ ಸೈನಿಕ ಮೇಲಿನಿಂದ ಬಾಯಿಗೆ ಬಂದಂತೆ ಬೈಯುತ್ತಾನಲ್ಲ, ಅದು ಇಲ್ಲೇ. ಮರದ ದೊಡ್ಡ ಮೊಲವನ್ನು ಎಳೆದುಕೊಂಡು ಹೋಗಿದ್ದೂ ಇದೇ ಬಾಗಿಲಿನಿಂದ. ಮದುವೆ ಮನೆಗೆ ರಾಜನ ಕಡೆಯ ವೀರ ಲ್ಯಾನ್ಸ್‌ಲಾಟ್ ಕತ್ತಿ ಹಿಡಿದು ನುಗ್ಗಿದ್ದು ಒಳಗಿನ ಅಂಗಳದಲ್ಲಿ, ರಾಜನ ವೀರರ ಹಾಡು–ಕುಣಿತ ದೊಡ್ಡ ಹಾಲ್‌ನಲ್ಲಿ. ದೂರದಲ್ಲಿ ಕಾಣುವ ಕ್ಯಾಮೆಲಾಟ್, ಅಂದರೆ ಆರ್ಥರನ ಕೋಟೆ ಮಾತ್ರ ಬರೀ ಮಾಡೆಲ್, ಅದನ್ನು ಸಿನಿಮಾದಲ್ಲೇ ಒಬ್ಬ ಹೇಳಿಬಿಡುತ್ತಾನೆ!

ಆಡಿಯೋ ಗೈಡ್ ಬಿಡಬೇಡಿ. ಅದರಲ್ಲಿರುವುದು ಸಿನಿಮಾದ ಇಬ್ಬರು ನಿರ್ದೇಶಕರಲ್ಲಿ ಒಬ್ಬರಾದ ಟೆರ್ರಿ ಜೋನ್ಸ್ ಅವರದೇ ದನಿ. ಶೂಟಿಂಗ್ ಕಥೆಯ ಜೊತೆಗೆ ಕೋಟೆಯ ಇತಿಹಾಸವನ್ನೂ ಹೇಳುತ್ತಾರೆ. 14ನೇ ಶತಮಾನದ ಕೊನೆಯಲ್ಲಿ ಇದನ್ನು ಈಗಿನ ರೂಪಕ್ಕೆ ತಂದವನು ಆಲ್ಬನಿಯ ಡ್ಯೂಕ್, ಆಗ ಸ್ಕಾಟ್ಲೆಂಡನ್ನು ಆಳುತ್ತಿದ್ದವನು ಅವನೇ ಅನ್ನಬಹುದು. ಸಿನಿಮಾ ಇಷ್ಟವಾಗದವರಿಗೂ ಅಲ್ಲಿನ ಅಡುಗೆಮನೆ ಇಷ್ಟವಾಗುತ್ತದೆ. ಒಲೆಯ ಬಾಯಿಯೇ ಒಂದು ಕೋಣೆಯಷ್ಟಿದೆ.

ಇನ್ನು ಕರಟದ ವಿಷಯ. ಕುದುರೆ ತರುವಷ್ಟು ದುಡ್ಡಿರಲಿಲ್ಲ, ಅದಕ್ಕೇ ಸಿನಿಮಾದಲ್ಲಿ ರಾಜ ಸುಮ್ನೆ ಕುಪ್ಪಳಿಸುತ್ತಾ ಬರುತ್ತಾನೆ, ಹಿಂದೆ ಸೇವಕ ಎರಡು ಕರಟ ಬಡಿಯುತ್ತಾ ಗೊರಸಿನ ಸದ್ದು ಮಾಡುತ್ತಾನೆ. ಕೋಟೆಯ ಅಂಗಡಿಯಲ್ಲಿ ಕೇಳಿನೋಡಿ, ಬಂದವರು ಬಡಿಯಲಿ ಅಂತಲೇ ಕರಟ ಇಟ್ಟಿರುತ್ತಾರೆ. ಊರಿಂದ ಹೊತ್ತುಕೊಂಡು ಹೋಗಬೇಡಿ! ವಯಸ್ಸಾದವರು ಕರಟ ಹಿಡಿದು ಕುಪ್ಪಳಿಸಿದರೂ ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಮಂಡಿಗೆ ಕಷ್ಟ ಕೊಡುವುದು ಸುರುಳಿ ಮೆಟ್ಟಿಲು. ಕಲ್ಲಿನವು, ಇಕ್ಕಟ್ಟು. ಗೋಪುರದ ತುದಿಯನ್ನು ಅಳಿಯಂದಿರಿಗೇ ಬಿಡಿ, ಅಂಗಳದಲ್ಲಿ ಕೂತರೂ ನಷ್ಟವಿಲ್ಲ.

ಸಿನಿಮಾದ ಕೊನೆಯಲ್ಲಿ ನೀರಿನ ಮಧ್ಯೆ ಕಾಣುವ ಕೋಟೆ ಮಾತ್ರ ಬೇರೆ, ಅದು ಕಾಸಲ್ ಸ್ಟಾಕರ್. ಓಬನ್ ಊರಿನಿಂದ ಉತ್ತರಕ್ಕೆ, ಪಶ್ಚಿಮ ಕರಾವಳಿಯಲ್ಲಿದೆ. ಖಾಸಗಿ ಆಸ್ತಿ, ಒಳಗೆ ಹೋಗಬೇಕೆಂದರೆ ಮೊದಲೇ ಬುಕ್ ಮಾಡಿ ದೋಣಿಯಲ್ಲಿ ಹೋಗಬೇಕು. ಆ ಕಡೆ ಹೇಗೂ ಹೋಗುವುದಿದ್ದರೆ ರಸ್ತೆಯಿಂದಲೇ ನೋಡಿ, ಸಾಕು.