ಸ್ಪೈರೋಮೆಟ್ರಿ ನಾರ್ಮಲ್ ಬಂದರೂ ದಮ್ಮು ಕಟ್ಟುತ್ತಿದೆ, ನೈಟ್ರೋಜನ್ ಟೆಸ್ಟ್ ಮಾಡಿಸಲಾ?

ನಿಮ್ಮ ಪ್ರಶ್ನೆ ನಾನೇ ಬರೆದ ಹಾಗಿದೆ. ಮೆಟ್ಟಿಲು ಹತ್ತಿದರೆ ಎದೆ ಬಿಗಿ, ರಾತ್ರಿ ಸುಂಯ್ ಅನ್ನುವ ಸದ್ದು, ಸ್ಪೈರೋಮೆಟ್ರಿ, ಅಂದರೆ ಯಂತ್ರಕ್ಕೆ ಊದಿ ಗಾಳಿ ಅಳೆಯುವ ಪರೀಕ್ಷೆಯ ರಿಪೋರ್ಟ್ ಮಾತ್ರ ನಾರ್ಮಲ್. ಟೆನ್ಷನ್ ಇರಬೇಕು ಅಂದರು. ನಾನೂ ನಂಬಿ ಎರಡು ವರ್ಷ ಕಳೆದೆ.

ತಪ್ಪಾಗಿದ್ದು ಊದುವುದರಲ್ಲಿ. ಜೋರಾಗಿ ಊದಿದೆ, ಎರಡು ಸೆಕೆಂಡಿಗೆ ಗಾಳಿ ಖಾಲಿ ಅನ್ನಿಸಿತು, ನಿಲ್ಲಿಸಿಬಿಟ್ಟೆ. ಯಾರೂ ತಡೆಯಲಿಲ್ಲ. ನಿಜಕ್ಕೂ ಖಾಲಿಯಾಗಿರಲಿಲ್ಲ. ನಮ್ಮಂಥವರಿಗೆ ಶ್ವಾಸಕೋಶ ಕುಗ್ಗುತ್ತಾ ಹೋದ ಹಾಗೆ ಸಣ್ಣ ನಾಳಗಳು ಇನ್ನಷ್ಟು ಕಿರಿದಾಗುತ್ತವೆ, ಕೆಲವು ಬೇಗ ಮುಚ್ಚಿಯೇಬಿಡುತ್ತವೆ, ಹಾಗಾಗಿ ಕೊನೆಯ ಗಾಳಿ ನೂಲಿನೆಳೆಯ ಹಾಗೆ ಬರುತ್ತದೆ. ರೋಗ ಕಾಣುವುದೇ ಆ ಬಾಲದಲ್ಲಿ. ನಾನು ಬಾಲ ಕತ್ತರಿಸಿ ಕೊಟ್ಟಿದ್ದೆ.

ಲೆಕ್ಕ ನೋಡಿ. ಮೊದಲ ಸೆಕೆಂಡಿನಲ್ಲಿ 1.8 ಲೀಟರ್, ನಿಲ್ಲಿಸುವಷ್ಟರಲ್ಲಿ ಒಟ್ಟು 2.3. ಅಂದರೆ ಒಟ್ಟು ಗಾಳಿಯ 78% ಮೊದಲ ಸೆಕೆಂಡಿನಲ್ಲೇ ಬಂತು, ನಾರ್ಮಲ್! ಎರಡು ವರ್ಷದ ನಂತರ ಇನ್ನೊಬ್ಬ ಟೆಕ್ನಿಷಿಯನ್ ಪಕ್ಕದಲ್ಲೇ ನಿಂತು "ಊದಿ, ಊದಿ, ಇನ್ನೂ ಊದಿ" ಅಂತ ಬಿಡದೆ 9 ಸೆಕೆಂಡು ಊದಿಸಿದರು. ಮೊದಲ ಸೆಕೆಂಡಿನದು ಅದೇ 1.8. ಒಟ್ಟು ಮಾತ್ರ 3.0. ಈಗ 60%. ಸಾಮಾನ್ಯವಾಗಿ 70ಕ್ಕಿಂತ ಕೆಳಗೆ ಬಂದರೆ ಅಡಚಣೆ ಅನ್ನುತ್ತಾರೆ. ನಾಳ ಅಗಲಿಸುವ ಔಷಧ ಸಾಲ್ಬುಟಮಾಲ್ 4 ಪಫ್ ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ಊದಿಸಿದಾಗ 1.8 ಇದ್ದದ್ದು 2.1 ಆಯಿತು. ಆಸ್ತಮಾ. ಅವತ್ತು ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳಲ್ಲ.

ಇನ್ನು ನೀವು ಕೇಳಿದ ನೈಟ್ರೋಜನ್ ಟೆಸ್ಟ್. ಉಸಿರು ಪೂರ್ತಿ ಬಿಟ್ಟು, ಶುದ್ಧ ಆಮ್ಲಜನಕವನ್ನು ಒಂದೇ ಸಲ ತುಂಬ ಎಳೆದುಕೊಂಡು, ಸೆಕೆಂಡಿಗೆ ಅರ್ಧ ಲೀಟರ್ ಮೀರದ ಹಾಗೆ ನಿಧಾನ ಬಿಡಬೇಕು. ಕೊನೆಯಲ್ಲಿ ಶ್ವಾಸಕೋಶದ ಕೆಳಭಾಗದ ನಾಳಗಳು ಮುಚ್ಚಿದಾಗ ಬಿಟ್ಟ ಗಾಳಿಯಲ್ಲಿನ ನೈಟ್ರೋಜನ್ ತೋರಿಸುವ ಗೆರೆ ಥಟ್ಟನೆ ಮೇಲೇಳುತ್ತದೆ, ಅಲ್ಲಿಂದ ಮುಂದೆ ಬಿಡಲು ಉಳಿದ ಗಾಳಿಯೇ ಕ್ಲೋಸಿಂಗ್ ವಾಲ್ಯೂಮ್. ಒಳ್ಳೆಯ ಪರೀಕ್ಷೆಯೇ. ಆದರೆ ವಯಸ್ಸಾದಂತೆ ಆರೋಗ್ಯವಂತರಲ್ಲೂ ಇದು ಹೆಚ್ಚುತ್ತದೆ, ರೋಗ ಜಾಸ್ತಿ ಇದ್ದವರಲ್ಲಿ ಗೆರೆ ಮೊದಲಿಂದಲೇ ಏರುತ್ತಾ ಹೋಗುವುದರಿಂದ ಆ ತಿರುವು ಗೊತ್ತೇ ಆಗದಿರಬಹುದು. ಇಲ್ಲೂ ಸರಿಯಾಗಿ ಉಸಿರು ಬಿಡಬೇಕಾದವರು ನೀವೇ ಅಲ್ವಾ?

ಹಾಗಾಗಿ ದೊಡ್ಡ ಟೆಸ್ಟ್ ಬೇಕಾ ಅನ್ನುವ ಪ್ರಶ್ನೆಯೇ ಈಗ ಬೇಡ. ನಿಮ್ಮ ರಿಪೋರ್ಟ್ ನಾರ್ಮಲ್ ಅಂತ ನಾನು ಇನ್ನೂ ಒಪ್ಪಿಲ್ಲ. ಮೊದಲು ಸ್ಪೈರೋಮೆಟ್ರಿ ಗ್ರಾಫ್ ಕೇಳಿ ತಗೊಳ್ಳಿ. ಸೆಕೆಂಡು ಕಳೆದಂತೆ ಒಟ್ಟು ಎಷ್ಟು ಗಾಳಿ ಬಂತು ಅಂತ ತೋರಿಸುವ ಗೆರೆ ಕೊನೆಗೆ ಚಪ್ಪಟೆಯಾಗಿದೆಯಾ, ಇಲ್ಲ ಏರುತ್ತಿರುವಾಗಲೇ ತುಂಡಾಗಿದೆಯಾ ನೋಡಿ. ಮೂರು ಸಲ ಊದಿಸಿದ್ದರಾ? ಆವತ್ತು ಬೆಳಗ್ಗೆ ಇನ್ಹೇಲರ್ ಎಳೆದುಕೊಂಡು ಹೋಗಿದ್ದಿರಾ? ಹಾಗಿದ್ದರೂ ಅಂಕಿ ಚೆನ್ನಾಗಿ ಕಾಣುತ್ತದೆ. ಹಾಗಂತ ನೀವಾಗಿಯೇ ನಿಲ್ಲಿಸಬೇಡಿ, ಎಷ್ಟು ಹೊತ್ತು ಮೊದಲು ಬಿಡಬೇಕು ಅಂತ ಡಾಕ್ಟರನ್ನು ಕೇಳಿ. ಸುಮ್ನೆ ಕೂತಾಗಲೂ ದಮ್ಮು ಕಟ್ಟಿದರೆ ಗ್ರಾಫ್ ಗೀಫ್ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.

ಎಷ್ಟು ಸೆಕೆಂಡು ಊದಿದ್ದೀರಿ ಅಂತ ಗೊತ್ತಾದ ಮೇಲೆ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.