ಗಾರೆ ಉದುರೋ ಕೊಠಡಿಗೆ ಮೊದಲು ಬೀಗ, ಆಮೇಲೆ ಅರ್ಜಿ

ನೀವು ಕೇಳಿದ್ದು: ಊರಿನ ಸರ್ಕಾರಿ ಶಾಲೆಯ ಒಂದು ಕೊಠಡಿಯಲ್ಲಿ ಚಾವಣಿಯ ಗಾರೆ ಉದುರುತ್ತಿದೆ, ದುಡ್ಡು ಬಂದಾಗ ರಿಪೇರಿ ಮಾಡಿಸೋಣ ಅಂತ ಹೆಡ್‌ಮಾಸ್ಟರ್ ಹೇಳ್ತಾರೆ, ಹೊಸದಾಗಿ ಎಸ್‌ಡಿಎಂಸಿ (ಶಾಲೆಯ ಮೇಲುಸ್ತುವಾರಿ ಸಮಿತಿ) ಸೇರಿರುವ ನೀವು ಏನು ಮಾಡಬೇಕು?

ನಾನು ಚಿಂತಾಮಣಿ ಕಡೆಯವನು, ಕಟ್ಟಡದ ಮೇಸ್ತ್ರಿ. ನಮ್ಮೂರ ಶಾಲೆಗೆ ಮೂರು ವರ್ಷ ಎಸ್‌ಡಿಎಂಸಿ ಅಧ್ಯಕ್ಷನಾಗಿದ್ದೆ. ಹಾಗಾಗಿ ಎರಡೂ ಕಡೆಯ ಕಷ್ಟ ಗೊತ್ತು.

ಮೊದಲು ಆ ಕೊಠಡಿಗೆ ಬೀಗ ಹಾಕಿಸಿ. ನಾಳೆ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ. ಅದಕ್ಕೆ ದುಡ್ಡೂ ಬೇಡ, ಮಂಜೂರಾತಿನೂ ಬೇಡ. ಕೂರಿಸೋಕೆ ಜಾಗ ಇಲ್ಲ ಅಂತಾರೆ. ನಲಿಕಲಿಯಲ್ಲಿ ಒಂದರಿಂದ ಮೂರನೇ ಕ್ಲಾಸು ಹೇಗೂ ಒಟ್ಟಿಗೆ ಕೂರುತ್ತವೆ, ಅಲ್ವಾ? ಇನ್ನೆರಡು ಕ್ಲಾಸು ಸ್ವಲ್ಪ ದಿನ ಒತ್ತಾಗಿ ಕೂತರೆ ಏನೂ ಆಗಲ್ಲ.

ಆಮೇಲೆ ಮಾಳಿಗೆ ಹತ್ತಿ. ರೋಗ ಇರೋದು ಅಲ್ಲಿ. 2021ರ ನವೆಂಬರ್ ಮಳೆ ನೆನಪಿದೆಯಲ್ಲ, ನಮ್ಮ ಜಿಲ್ಲೆ, ಕೋಲಾರ ಎಲ್ಲ ನೆಂದು ತೊಪ್ಪೆಯಾಗಿತ್ತು. ಮಳೆ ನಿಂತ ಮೇಲೆ ನಾನು ಹತ್ತಿ ನೋಡಿದರೆ ಮೊಣಕಾಲಿನ ಅರ್ಧದಷ್ಟು ನೀರು. ನೀರು ಹೋಗುವ ತೂಬಿನಲ್ಲಿ ಹೊಂಗೆ ಎಲೆ, ಐದು ಟೆನಿಸ್ ಬಾಲು, ಒಂದು ಚಪ್ಪಲಿ. ಪ್ಯಾರಪೆಟ್ಟಿನ ಸಂದಿಯಲ್ಲಿ ಗೇಣುದ್ದದ ಅರಳಿ ಗಿಡ. ಆ ನೀರು ಸ್ಲ್ಯಾಬಿಗೆ ಇಳಿದು ಕಂಬಿ ಹಿಡಿಯುತ್ತದೆ. ಕಂಬಿಗೆ ತುಕ್ಕು ಬಂದರೆ ಅದು ಊದಿಕೊಳ್ಳುತ್ತದೆ, ಕೆಳಗಿನ ಕಾಂಕ್ರೀಟನ್ನು ತಳ್ಳಿ ಬೀಳಿಸುತ್ತದೆ. ನೀವು ಗಾರೆ ಅಂತ ಹೇಳ್ತಿರೋದು ಬರೀ ಗಾರೆನಾ, ಕಾಂಕ್ರೀಟಾ ಅಂತ ನೋಡಿ. ಕಂಬಿ ಕಾಣ್ತಿದ್ದರೆ ವಿಷಯ ದೊಡ್ಡದು. ಉದ್ದ ಬಿದಿರು ಕೋಲಿನಲ್ಲಿ ಬಾಗಿಲ ಹತ್ತಿರ ನಿಂತು ತಟ್ಟಿ. ಗಟ್ಟಿ ಇದ್ದರೆ ಟಣ್ ಅನ್ನುತ್ತದೆ, ಪೊಳ್ಳಿದ್ದರೆ ಡಬ್ ಡಬ್. ನಾನು ತಟ್ಟಿದಾಗ ಊಟದ ತಟ್ಟೆಯಗಲದ ಹೆಂಟೆ ಡೆಸ್ಕಿನ ಮೇಲೇ ಬಿತ್ತು. ಒಳಗಿನ ಕಂಬಿ ಉಗುರಲ್ಲಿ ಕೆರೆದರೆ ಹುಣಸೆ ಸಿಪ್ಪೆ ಥರ ಎದ್ದು ಬಂತು.

ಹೊಟ್ಟೆ ಉರಿದಿದ್ದು ಬೇರೆ ಕಾರಣಕ್ಕೆ. ಹಿಂದಿನ ಬೇಸಿಗೆಯಲ್ಲೇ ಅದಕ್ಕೆ ಮೇಲೆ ಮೇಲೆ ಸಿಮೆಂಟು ಮೆತ್ತಿ ಬಣ್ಣ ಹೊಡೆದಿದ್ದರು. ಬಿಲ್ಲೂ ಆಗಿತ್ತು. ಸುಮ್ನೆ ಬಣ್ಣ ಹೊಡೆಸೋಣ ಅಂತ ಯಾರಾದರೂ ಬಂದರೆ ಒಪ್ಪಬೇಡಿ.

ಗೋಡೆ ಬಿರುಕಿದ್ದರೆ ಅದರ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಗೆರೆ ದಾಟಿ ಬೆಳೆದರೆ ಗೋಡೆ ಇನ್ನೂ ಕದಲುತ್ತಿದೆ ಅಂತ. 2021ರ ಡಿಸೆಂಬರ್‌ನಲ್ಲಿ ಚಿಕ್ಕಬಳ್ಳಾಪುರದ ಹತ್ತಿರ ಭೂಮಿ ಸಣ್ಣಗೆ ನಡುಗಿದಾಗ ಎಲ್ಲರೂ ಹಳೇ ಬಿರುಕನ್ನೇ ಹೊಸದು ಅಂದುಕೊಂಡರು. ನಮ್ಮ ಹತ್ತಿರ ತಾರೀಖಿತ್ತು, ಜಗಳ ತಪ್ಪಿತು.

ಈಗ ಕಾಗದ. ಸಭೆ ಕರೆದು, "ಮಕ್ಕಳ ಸುರಕ್ಷತೆಗಾಗಿ ಈ ಕೊಠಡಿ ಬಳಸುವುದಿಲ್ಲ, ಇಂಜಿನಿಯರ್ ಪರಿಶೀಲನೆ ಆಗಬೇಕು" ಅಂತ ನಡಾವಳಿ ಬರೆಸಿ. ಫೋಟೋ ಸಮೇತ ಬಿಇಒಗೆ ಅರ್ಜಿ, ಪಿಡಿಒಗೆ ಒಂದು ಪ್ರತಿ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ಇಂಜಿನಿಯರ್ ವರದಿ ಇಲ್ಲದೆ ಹೆಡ್‌ಮಾಸ್ಟರ್ ತಾವಾಗಿ ಕೆಡವೋಕೆ ಆಗಲ್ಲ, ಅವರ ಮೇಲೆ ರೇಗಿ ಪ್ರಯೋಜನ ಇಲ್ಲ. ಯು-ಡೈಸ್‌ನಲ್ಲಿ, ಅಂದರೆ ಶಾಲೆಗಳ ಮಾಹಿತಿ ತುಂಬುವ ಸರ್ಕಾರಿ ದಾಖಲೆಯಲ್ಲಿ, ಆ ಕೊಠಡಿಯನ್ನು ಏನಂತ ತುಂಬಿದ್ದಾರೆ ಅಂತಲೂ ಕೇಳಿ. ನಮ್ಮದು ಸುಸ್ಥಿತಿಯಲ್ಲಿದೆ ಅಂತಿತ್ತು! ಮತ್ತೆ ದುಡ್ಡು ಯಾರು ಕೊಡ್ತಾರೆ? ಶಾಲಾ ಅನುದಾನದಲ್ಲಿ ಸ್ಲ್ಯಾಬ್ ಆಗಲ್ಲ, ಮಾಳಿಗೆ ಗುಡಿಸೋದು, ವೈರಿಂಗ್ ಸರಿ ಮಾಡಿಸೋದು, ನೀರಿನ ಸಂಪ್‌ಗೆ ಮುಚ್ಚಳ ಹಾಕಿಸೋದು ಆಗುತ್ತದೆ.

ಯಾರಾದರೂ ಹಗುರವಾಗಿ ಮಾತಾಡಿದರೆ ಕುಂಭಕೋಣಂ ನೆನಪಿಸಿ. 2004ರ ಜುಲೈ 16ರಂದು ಅಲ್ಲಿನ ಶಾಲೆಯ ಬೆಂಕಿಯಲ್ಲಿ 94 ಮಕ್ಕಳು ಸತ್ತರು. ಅಡುಗೆಮನೆಯ ಕಿಡಿ, ಗರಿ ಚಾವಣಿ, ಕಿರಿದಾದ ಮೆಟ್ಟಿಲು. ಅದಾದ ಮೇಲೆ 2009ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಶಾಲೆಗಳೂ ರಾಷ್ಟ್ರೀಯ ಕಟ್ಟಡ ಸಂಹಿತೆ ಪಾಲಿಸಬೇಕು, ಬೆಂಕಿ ಆರಿಸುವ ಸಲಕರಣೆ ಇರಬೇಕು ಅಂತ ಹೇಳಿತು. ಸರ್ಕಾರಿ, ಖಾಸಗಿ ಅಂತ ಭೇದ ಇಲ್ಲ. ಪಟ್ಟಣದ ಒಂದು ಖಾಸಗಿ ಶಾಲೆಯಲ್ಲಿ ಅಗ್ನಿಶಾಮಕದವರ ಪ್ರಮಾಣಪತ್ರಕ್ಕೆ ಫ್ರೇಮ್ ಹಾಕಿಸಿ ಇಟ್ಟಿದ್ದು ನೋಡಿದೆ, ಆದರೆ ಇಳಿಯೋ ಎರಡನೇ ಮೆಟ್ಟಿಲ ದಾರಿಯ ಗ್ರಿಲ್‌ಗೆ ಬೀಗ.

ಕೊನೆಗೆ, ಕೊಠಡಿಯ ಕೀ ನಿಮ್ಮ ಹತ್ತಿರವೇ ಇರಲಿ. ನಮ್ಮಲ್ಲಿ ಬೀಗ ಹಾಕಿದ ಮೂರನೇ ದಿನಕ್ಕೆ ಬಿಸಿಯೂಟದ ಅಕ್ಕಿ ಮೂಟೆ ಇಡೋಕೆ ಅಂತ ತೆಗೆದಿದ್ದರು. ಮೂಟೆ ತರೋಕೆ ಒಳಗೆ ಕಳಿಸಿದ್ದು ಏಳನೇ ಕ್ಲಾಸಿನ ಹುಡುಗರನ್ನ.